ನಂಜು ಉಂಡದ್ದು

ಸತ್ಯಮಂಗಲದ ಸ್ಕ್ಯಾನ್ ಕೋಣೆಯಲ್ಲಿ
ಹೊಟ್ಟೆ ಮೇಲಿನ ತಣ್ಣನೆ ಜೆಲ್ಲು ಒರೆಸುತ್ತ ಡಾಕ್ಟರಮ್ಮ ಅಂದರು:
ನಂಜುಕ್ಕೊಡಿ ಕೆಳಗೆ ಕೂತಿದೆ, ಬಾಗಿಲಿಗೆ ಅಡ್ಡ.
ತಮಿಳಿನಲ್ಲಿ ಅಂದದ್ದು. ಅವ್ವನ ಕಿವಿಗೆ ಬಿದ್ದದ್ದು ಮೊದಲೆರಡು ಅಕ್ಷರ.
ನಂಜಾ? ನನ್ನ ಮಗಳ ಹೊಟ್ಟೇಲಿ ನಂಜಾ?
ನಾನು ತಾಳವಾಡಿಯ ಕನ್ನಡ ಶಾಲೆಯ ಟೀಚರು,
ಎರಡೂ ಭಾಷೆಯವಳು,
ಮಾಸು ಎಂಬ ಮಾತು ಆ ಹೊತ್ತಿಗೆ ನಾಲಿಗೆಗೆ ಬರಲಿಲ್ಲ.

ನಮ್ಮಲ್ಲಿ ಅದನ್ನು ಕಸ ಅಂತಲೂ ಕರೆಯುತ್ತಾರೆ.
ಹಸು ಈದರೆ ಕೇಳುತ್ತಾರೆ, ಕಸ ಬಿತ್ತಾ?
ಹೆಂಗಸು ಹೆತ್ತರೂ ಅದೇ ಪ್ರಶ್ನೆ, ಅದೇ ದನಿ.

ರಕ್ತ ಕಂಡದ್ದು ಒಂದು ಮಂಗಳವಾರದ ಬೆಳಗಿನ ಜಾವ.
ನೋವಿಲ್ಲ. ಹೆದರಿಸಿದ್ದು ಅದೇ.
ದಿಂಬಂ ಘಾಟಿಗೆ ಇಪ್ಪತ್ತೇಳು ತಿರುವು,
ಇಳಿಯುವವರಿಗೆ ಫಲಕಗಳು ಹಿಂದುಹಿಂದಕ್ಕೆ ಎಣಿಸುತ್ತವೆ:
ಇಪ್ಪತ್ತೇಳು, ಇಪ್ಪತ್ತಾರು, ಇಪ್ಪತ್ತೈದು.
ನನ್ನ ಬಸಿರಿಗೂ ಅಷ್ಟೇ ವಾರ.
ತಿರುವಿಗೊಂದು ವಾರ ಅಳಿಸುತ್ತ ಅಳಿಸುತ್ತ
ಬನ್ನಾರಿ ಮುಟ್ಟುವಷ್ಟರಲ್ಲಿ ಕೂಸು
ಬರೀ ತಪ್ಪಿದ ಮುಟ್ಟಾಗಿಬಿಟ್ಟರೆ?
ಕಣ್ಣು ಮುಚ್ಚಿದೆ. ಆಂಬುಲೆನ್ಸಿನ ಪೊನ್ನುರಂಗ
ಲಾರಿಗಳಿಗೆ ಬಯ್ಯುತ್ತಲೇ ಇದ್ದ.
ಅವನ ಬೈಗುಳ ಹಿಡಿದುಕೊಂಡು ಎಚ್ಚರ ಉಳಿಸಿಕೊಂಡೆ.

ಈರೋಡಿನಲ್ಲಿ ಕೊಯ್ದು ತೆಗೆದರು.
ಒಂಬೈನೂರ ಮೂವತ್ತು ಗ್ರಾಂ.
ಅಂಗಡಿಯವನು ಒಂದು ಕೇಜಿ ಎಂದು
ಕಟ್ಟಿಕೊಟ್ಟುಬಿಡುವ ತೂಕ.

ಗಾಜಿನ ಪೆಟ್ಟಿಗೆಯೊಳಗೆ ಅವಳು ಉಸಿರು ಮರೆಯುತ್ತಿದ್ದಳು.
ನರ್ಸು ಅಂಗಾಲಿಗೆ ಬೆರಳಿನಿಂದ ತಟ್ಟಿದರೆ
ನೆನಪಾಗುತ್ತಿತ್ತು.
ಮಗ್ಗಿ ಮರೆತು ನಿಂತ ಮಕ್ಕಳ ಡೆಸ್ಕನ್ನು
ನಾನೂ ಹೀಗೇ ತಟ್ಟಿದ್ದೇನೆ, ಇಷ್ಟು ಮೆತ್ತಗೆ ಅಲ್ಲ.

ಅವ್ವ ಮಾತ್ರ ವಾರ್ಡಿನ ಬಾಗಿಲಲ್ಲಿ ನಿಂತು
ಬಂದವರನ್ನೆಲ್ಲ ಕೇಳುತ್ತಿದ್ದಳು: ಅದೆಲ್ಲಿ?
ಹಿತ್ತಿಲಲ್ಲಿ ಹೂಳಬೇಕು, ಉಪ್ಪು ಅರಿಶಿನ ಹಾಕಿ,
ನಾಯಿ ಕೆದಕದಂಗೆ ಕಲ್ಲು ಹೇರಬೇಕು.
ಪರೀಕ್ಷೆಗೆ ಹೋಗಿದೆ ಪಾಟ್ಟಿ, ವಾಪಸು ಕೊಡಲ್ಲ.

ಬಂದದ್ದು ಒಂದು ಹಾಳೆ.
ಅಲ್ಲಲ್ಲಿ ರಕ್ತ ಹರಿಯದೆ ಸತ್ತ ತುಣುಕುಗಳು, ಎಂದಿತ್ತು.
ಅವ್ವನಿಗೆ ಹೇಗೆ ಹೇಳಲಿ?
ಬೆಳ್ಳುಳ್ಳಿ ಹೊಲದಲ್ಲಿ
ನೀರು ಹತ್ತದ ಮಡಿ ಇರ್ತವಲ್ಲ, ಹಂಗೆ, ಅಂದೆ.
ಅವ್ವ ಎಲೆ ಮಡಿಸುವುದನ್ನು ನಿಲ್ಲಿಸಿದಳು.
ಹಂಗಾರೆ ಮಿಕ್ಕ ಮಡಿಗಳೇ ಇಷ್ಟು ದಿನ ಕೂಸ ಸಾಕ್ದವಾ.
ಆಮೇಲೆ, ಎಲೆ ಬಾಯಿಗಿಟ್ಟು:
ನಂಜು ಅಂದದ್ದು ಸರಿ ಕನ.
ತಾನು ಉಂಡು, ಮಗಕ್ಕೆ ತಾಕಿಸ್ನಿಲ್ಲ.
ಅಂತಾದ್ದ ಹಳದಿ ಚೀಲಕ್ಕೆ ಹಾಕುದ್ರಲ್ಲ.

ಎಪ್ಪತ್ತೊಂದು ದಿನ.
ಅಷ್ಟರ ಬಗ್ಗೆ ಬರೆಯಲು ನನಗೆ ಬರುವುದಿಲ್ಲ.
ಪಕ್ಕದ ಪೆಟ್ಟಿಗೆ ಎರಡು ಸಲ ಖಾಲಿಯಾಯಿತು,
ಒಮ್ಮೆ ಮನೆಗೆ. ಒಮ್ಮೆ ಅಲ್ಲ.

ನಂಜಮಣಿಗೆ ಈಗ ಆರು ವರ್ಷ.
ಕಣ್ಣಿಗೆ ಲೇಸರ್ ಆಗಿದೆ, ದಪ್ಪ ಕನ್ನಡಕ,
ಮೆಟ್ಟಿಲಿಳಿಯುವ ಮುನ್ನ ಕ್ಷಣ ನಿಂತು ಅಂದಾಜು ಹಾಕುತ್ತಾಳೆ.
ತಪಾಸಣೆ ಮುಗಿಸಿ ಬಸ್ಸಿನಲ್ಲಿ ಘಾಟಿ ಹತ್ತುವಾಗ
ಮೂಗನ್ನು ಕಿಟಕಿಗೊತ್ತಿ ಫಲಕ ಓದುತ್ತಾಳೆ.
ಒಂದು, ಎರಡು, ಮೂರು. ಹತ್ತೊಂಬತ್ತಕ್ಕೆ ವಾಂತಿ.
ಬಾಯಿ ಒರೆಸಿಕೊಂಡು ಮತ್ತೆ ಇಪ್ಪತ್ತು.
ದಿಂಬಂ ದಾಟಿದ ಮೇಲೆ ಫಲಕವಿಲ್ಲ, ತಿರುವಿಲ್ಲ.
ಇಪ್ಪತ್ತೆಂಟು, ಎನ್ನುತ್ತಾಳೆ
ಬರೀ ಕಾಡು ನೋಡಿ.