ಏಳನೆಯದು

ಮೀನು ಹುರಿವ ಎಣ್ಣೆ ಸಿಡಿದು
ಮಾಮಾ ಅದೊಂಗೊಳ ಎರಡೂ ಕಣ್ಣಿಗೆ
ಕಿಸುಮುವಿನ ಡಾಕ್ಟರು ಬಟ್ಟೆ ಕಟ್ಟಿ
ತಿಂಗಳ ಮಟ್ಟಿಗೆ ಬೆಳಕು ಕೂಡದು ಎಂದ ಮೇಲೆ
ನನ್ನ ಹೊಲಿಗೆ ಅಂಗಡಿಗೆ ಬಂದಳು, ಮೊಮ್ಮಗನ ಭುಜ ಹಿಡಿದು.
"ನನ್ನ ಮೆಸೇಜುಗಳು ನಿನ್ನ ಫೋನಿಗೂ ಬರುವ ಹಾಗೆ ಮಾಡು.
ದುಡ್ಡು ಬಂತೋ ಇಲ್ಲವೋ ಗೊತ್ತಾಗಬೇಕಲ್ಲ.
ಹುಡುಗರ ಕೈಲಿ ಓದಿಸಿದರೆ
ಒಂದು ಸೊನ್ನೆ ನುಂಗುತ್ತಾರೆ."

ಮಾಡಿದೆ.
ಎರಡೂ ಫೋನು ಪಕ್ಕಪಕ್ಕ, ಸೀಮೆಸುಣ್ಣ ಕತ್ತರಿಗಳ ನಡುವೆ.
ಅವಳ ಪರದೆ ಕೇಳಿತು, ನಾನು ಓದಿ ಹೇಳಿದೆ:
ಇನ್ನೊಂದು ಫೋನು ನಿಮ್ಮ ಎಲ್ಲ ಸಂದೇಶ ನೋಡಲು
ಒಪ್ಪಿಗೆಯೇ?
"ಎಲ್ಲ ಅಂದರೆ?"
ಎಲ್ಲ ಅಂದರೆ ಎಲ್ಲ, ಮಾಮಾ.
ಸ್ವಲ್ಪ ಹೊತ್ತು ಮಾತಿಲ್ಲ. ಹೊರಗೆ
ಮಫಂಗಾನೊ ದ್ವೀಪದ ದೋಣಿಗೆ ಜನ ಕೂಗುತ್ತಿದ್ದರು.
"ಎಲ್ಲಿ ಒತ್ತಬೇಕು?"
ಹೆಬ್ಬೆರಳು ಹಿಡಿದು ಜಾಗ ತೋರಿದೆ;
ಒತ್ತಿದ್ದು ಅವಳೇ.
ಗಾಜಿನ ಮೇಲೆ ಮೀನಿನ ಹುರುಪೆಯೊಂದು ಅಂಟಿ ಉಳಿಯಿತು.

ಆಮೇಲೆ ದಿನಾ ಸಂಜೆ, ಮೆಷಿನ್ನಿಗೆ ಮುಸುಕು ಹಾಕಿ
ಓದುವುದು:
ಹೋಟೆಲಿನವನಿಂದ ಮುನ್ನೂರ ನಲವತ್ತು ಶಿಲಿಂಗು ಬಂದಿದೆ.
ಚರ್ಚಿನ ಹೆಂಗಸರ ಚೀಟಿ ಗುರುವಾರ.
ಒಂದು ಲಕ್ಷ ಗೆದ್ದಿದ್ದೀರಿ, ಕೂಡಲೇ ಈ ನಂಬರಿಗೆ—
"ಅವನ ತಲೆ."
ಐಸಿನವನು ಬಾಕಿ ಕೇಳಿದ್ದಾನೆ, ಎರಡನೆಯ ಸಲ.
ಅದಕ್ಕೆ ಮಾತ್ರ ಅವಳು ಕಿವುಡಿ.

ಬುಧವಾರವೋ ಗುರುವಾರವೋ, ಒಂದು ಬಂತು.
ಹೆಸರಿಲ್ಲ, ಬರೀ ನಂಬರು, ಕೊನೆಗೆ ಮೂವತ್ತೆಂಟು.
ಇನ್ನೂ ಸಿಟ್ಟೇ? ರಾತ್ರಿ ನೀರು ತುಂಬ ಎದ್ದಿತ್ತು.
ನಿನ್ನ ದೀಪ ಕಾಣಲಿಲ್ಲ.
ನನ್ನ ಗಂಟಲ ಪಸೆ ಆರಿತು.
ಅರವತ್ತೊಂದು ವರ್ಷದ ಹೆಂಗಸು. ಗಂಡ ಸತ್ತು ಹನ್ನೆರಡು ವರ್ಷ.
ನನ್ನ ಮದುವೆಯಲ್ಲಿ ನನಗೆ ನಡತೆ ಹೇಳಿಕೊಟ್ಟವಳು.
ಅದೊಂದನ್ನು ದಾಟಿ ಮುಂದಿನದು ಓದಿದೆ,
ಹೊಲಿಗೆ ತಪ್ಪಿದ ಕಡೆ ಕೈ ಅಡ್ಡ ಹಿಡಿಯುವ ಹಾಗೆ.

"ಮುಗಿಯಿತೇ?"
ಮುಗಿಯಿತು.
ಎದೆಯ ಬಳಿ ಸಿಕ್ಕಿಸಿದ್ದ ತನ್ನ ಫೋನು ತೆಗೆದು
ಮಡಿಲಲ್ಲಿಟ್ಟುಕೊಂಡಳು, ಕೋಳಿಮರಿಯನ್ನಿಟ್ಟುಕೊಂಡಂತೆ.
"ಬೆಳಗಿಂದ ಇದು ಏಳು ಸಲ ನಡುಗಿತು.
ನೀನು ಓದಿದ್ದು ಆರು."

ಏಳನೆಯದನ್ನು ಓದಿದೆ. ತಲೆ ಎತ್ತದೆ,
ಕಣ್ಣು ಕಟ್ಟಿದವಳ ಮುಂದೆ ತಲೆ ಎತ್ತದೆ.
ಇನ್ನೊಂದು ಸಲ ಓದು ಅಂದಳು.
"ದೀಪ ಅಂತ ಬರೆದಿದ್ದಾನೋ, ಬೆಳಕು ಅಂತಲೋ?"
ದೀಪ.
"ಹೂಂ."

ಆಮೇಲೆ, ನನಗೋ ಗೋಡೆಗೋ:
"ಒಪ್ಪಿದವಳು ನಾನು. ಅವನನ್ನು ಯಾರೂ ಕೇಳಿಲ್ಲವಲ್ಲ.
ಪಾಪ, ಒಬ್ಬಳೇ ಓದುತ್ತಾಳೆಂದು ಬರೆಯುತ್ತಿದ್ದಾನೆ.
ಹಾಕು: ಕಣ್ಣು ಕಟ್ಟಿದ್ದಾರೆ. ಬೇರೆಯವಳು ಓದುತ್ತಾಳೆ.
ನೋಡಿ ಬರಿ."
ಹಾಕಿದೆ. ಬೇರೆಯವಳು ಅನ್ನುವ ಕಡೆ
ಬೆರಳು ಎರಡು ಸಲ ತಪ್ಪಿತು.

ನಾಲ್ಕು ದಿನ ಮೂವತ್ತೆಂಟರಿಂದ ಏನೂ ಇಲ್ಲ.
ಅವಳು ಕೇಳಲಿಲ್ಲ; ಎಣಿಸುತ್ತಿದ್ದಳು.
ಐದನೆಯ ದಿನ ಬಂತು:
ಓದುವವಳಿಗೆ ನಮಸ್ಕಾರ.
ಅವಳಿಗೆ ಹೇಳು, ಗಾಳಿ ತಿರುಗಿದೆ, ಓಮೆನ ರಾಶಿ ಬೀಳುತ್ತಿದೆ.
ಕಣ್ಣಿಗೆ ನೋವಿದೆಯಾ? ನೀನೇ ನೋಡಿ ತಿಳಿಸು,
ಅವಳನ್ನು ಕೇಳಿದರೆ ಇಲ್ಲ ಅಂತಾಳೆ.

ನೋವಿದೆಯಾ ಮಾಮಾ?
"ಇಲ್ಲ."
ಇದೆ, ಅಂತ ಬರೆದೆ.
ಕಳಿಸಿದ್ದಕ್ಕೆ ಫೋನು ನಡುಗುವುದಿಲ್ಲ.

ಬಟ್ಟೆ ಬಿಚ್ಚಿದ ದಿನ ತಾನೇ ನಡೆದು ಬಂದಳು,
ರೆಪ್ಪೆ ಸುಟ್ಟ ಕಣ್ಣು ಕಿರಿದು ಮಾಡಿ.
ಫೋನನ್ನು ಮೂಗಿನ ತುದಿಗೆ ಹಿಡಿದು
ನನ್ನ ಬೆರಳು ಬೇಡವೆಂದು ಹುಡುಕಿ, ಹುಡುಕಿ,
ಒತ್ತಿದಳು. ನನ್ನ ಪರದೆಯಿಂದ
ಅವಳ ಸಾಲುಗಳೆಲ್ಲ ಒಂದೇ ಏಟಿಗೆ ಹೋದವು,
ಐಸಿನವನ ಬಾಕಿಯೂ.
ಬಾಗಿಲಲ್ಲಿ ನಿಂತು ಅಂದಳು:
"ಇದೆ ಅಂತ ಬರೆದಿದ್ದೀಯಲ್ಲ."
ಬಟ್ಟೆ ಕತ್ತರಿಸುವ ಮೇಜಿನ ಮೇಲೆ
ಓಮೆನದ ಪೊಟ್ಟಣ ಬಿಟ್ಟು ಹೋಗಿದ್ದಳು.

ಸಂಜೆ ಮುಸುಕು ಹಾಕಿ ಸುಮ್ಮನೆ ಕೂತೆ.
ಕತ್ತಲಾಯಿತು. ಸರೋವರದ ಮೇಲೆ
ಓಮೆನ ಹಿಡಿಯುವವರ ದೀಪಗಳು ಹತ್ತಿದವು,
ಇಲ್ಲಿಂದ ಆ ದಡದವರೆಗೆ, ಒಂದರ ಪಕ್ಕ ಒಂದು.
ಮೂವತ್ತೆಂಟು ಯಾವುದೋ.