ಮಗ್ಗುಲಾಗಿಸಿದ ಮಣೆ

ದೇರಳಕಟ್ಟೆಯ ಒಳರಸ್ತೆ, ಬಾಡಿಗೆ ಮನೆಗಳ ಸಾಲು.
ಮೀಟರು ಮೆಟ್ಟಿಲ ಕೆಳಗೆ, ಜೇಡರ ಬಲೆಯೊಳಗೆ.
ನಾನು ಅಂಕಿ ಓದುತ್ತೇನೆ, ಯಂತ್ರ ಚೀಟಿ ಉಗುಳುತ್ತದೆ.
ಇಲ್ಲಿ ನನಗಿರುವುದು ಒಂದೇ ಹೆಸರು: ಕರೆಂಟಿನವರು.

ವರ್ಷಕ್ಕೊಂದು ರಾತ್ರಿ ಬೇರೆ ಹೆಸರಿದೆ.
ಸತ್ತ ಮಾವನದು, ಅವರ ಮಾವನದು;
ಗಡಿ ಹಿಡಿದ ದಿನ ತೊಡಿಸಿದರು, ಅಳತೆ ನೋಡದೆ.
ನೇಮದಲ್ಲಿ ದೈವ ಆ ಹೆಸರು ಹಿಡಿದು ಕರೆದಾಗ
ಅರೆಗಳಿಗೆ ತಡವಾಗಿ ಓಗೊಡುತ್ತೇನೆ.
'ಸಾವಿರ ಒಕ್ಕಲು ನಿನ್ನ ಬೆನ್ನಿಗಿದೆ' ಎನ್ನುತ್ತದೆ.
ಡಿಕ್ಲರೇಶನ್ನಿನಲ್ಲಿ ಗದ್ದೆ ಹೋಗಿ ಐವತ್ತು ವರ್ಷ,
ದೈವಕ್ಕೆ ಗೊತ್ತಿಲ್ಲವೆಂದಲ್ಲ.
ಬೂಳ್ಯ ಹಿಡಿದು ತಲೆಯಾಡಿಸುತ್ತೇನೆ.
ಕಳೆದ ವರ್ಷ ಒಂದು ಟ್ರಾನ್ಸ್‌ಫಾರ್ಮರ್ ಹಾಕಿಸಿದೆ,
ಅರ್ಜಿ ಬರೆದು, ಇಂಜಿನಿಯರರ ಬಾಗಿಲು ಕಾದು.
ನನ್ನ ಆಳ್ವಿಕೆ ಅಷ್ಟೇ.

ಮೇಲಂತಸ್ತಿನ ಘಾನಾದ ಹುಡುಗ ಫಾರ್ಮಸಿ ಓದುತ್ತಾನೆ.
ಚೀಟಿ ಕೊಡುವಾಗ ಅವನ ಫೋನಿನಲ್ಲೊಬ್ಬ ಹಿರಿಯ,
ಒಂದು ಹೆಗಲಿಗೆ ಪಟ್ಟೆಪಟ್ಟೆ ವಸ್ತ್ರ,
ಯಾರದೋ ಬೇಲಿಯ ಜಗಳ ಕೇಳುತ್ತಿದ್ದರು; ಹಿಂದೆ ಕೋಳಿ ಕೂಗು.
'ಅಪ್ಪನಾ?' ಎಂದೆ ಅರೆಬರೆ ಇಂಗ್ಲಿಷಿನಲ್ಲಿ.
'ಅಲ್ಲ, ಅಮ್ಮನ ಅಣ್ಣ. ಊರಿನ ಒಡೆಯರು.
ನಮ್ಮಲ್ಲಿ ಪೀಠ ಮಗನಿಗಲ್ಲ, ಸೋದರಿಯ ಮಗನಿಗೆ.'

ಮೆಟ್ಟಿಲ ಮೇಲೆ ಕೂತೇಬಿಟ್ಟೆ.
ಅಳಿಯಕಟ್ಟು! ಕಡಲಿನ ಆ ದಂಡೆಯಲ್ಲಿ!

ಒಡೆಯರು ಏಳುತ್ತಲೇ ಪೀಠವನ್ನು ಮಗ್ಗುಲಾಗಿಸುತ್ತಾರಂತೆ,
ಅಲೆಯುವ ಆತ್ಮ ಯಾವುದೂ ಬಂದು ಕೂರದಂತೆ.
ಊಟದ ಮಣೆ ಗೋಡೆಗೆ ಒರಗಿಸುತ್ತ
ಅಮ್ಮ ಇದನ್ನೇ ಹೇಳುತ್ತಿದ್ದಳು; ನಾವು ನಗುತ್ತಿದ್ದೆವು.

'ಮಾವನ ಹೆಸರು?'
'ಪೀಠದ ಹೆಸರು ಉದ್ದ. ಮನೆಯಲ್ಲಿ ಕ್ವಾಬೆನಾ,
ನನ್ನದೂ ಅದೇ. ಮಂಗಳವಾರ ಹುಟ್ಟಿದವ.'

ಮಂಗಳವಾರ ಹುಟ್ಟಿದವ.
ನಮ್ಮಲ್ಲೂ ಇದ್ದ ಒಬ್ಬ: ಅಂಗಾರ.
ಶುಕ್ರವಾರದ ತುಕ್ರ, ಶನಿವಾರದ ತನಿಯ ಅವನ ತಮ್ಮಂದಿರು.
ವಾರದ ಹೆಸರು ಅವರಿಗೆ, ಸತ್ತವರ ಹೆಸರು ನಮಗೆ.
ಮಾವನ ಗದ್ದೆ ಉತ್ತು, ಅಂಗಳದಾಚೆ ನಿಂತು
ಗೆರಟೆಯಲ್ಲಿ ನೀರು ಕುಡಿದವನು.
ಅವನ ಹೆಸರು ಅಲ್ಲಿ ಪೀಠವೇರಿದೆ,
ಬೇಲಿ ಜಗಳ ತೀರಿಸುತ್ತಿದೆ.

ನಿನ್ನೆ ಅಂಗಾರನ ಮೊಮ್ಮಗಳ ಮನೆಗೆ ಹೋದೆ, ರೀಡಿಂಗಿಗೆ.
ಹದಿನೆಂಟು ವರ್ಷ ಗೇಟಿನಿಂದಲೇ ಚೀಟಿ ಕೊಟ್ಟಿದ್ದೇನೆ,
ಅವಳು ಒಳಗಿಂದ ಕೈ ಚಾಚುತ್ತಿದ್ದಳು.
ನೈಟ್ ಡ್ಯೂಟಿ ಮುಗಿಸಿ ಬಂದವಳು, ಕಣ್ಣು ಕೆಂಪು.
'ಸ್ವಲ್ಪ ನೀರು ಸಿಗಬಹುದಾ?'
ಒಂದು ಕ್ಷಣ ನನ್ನನ್ನೇ ನೋಡಿದಳು.
'ಕೂತ್ಕೊಳ್ಳಿ' ಎಂದಳು. ಕುರ್ಚಿಯ ಧೂಳು ಒರೆಸಲಿಲ್ಲ,
ಅದು ನನಗೆ ಹಿಡಿಸಿತು.

ಗಡಿಯವನು ಅಲ್ಲಿ ಕೂರುವ ಕಟ್ಟಳೆಯಿಲ್ಲ.
ಕೂತೆ. ಪ್ಲಾಸ್ಟಿಕ್ ಕಾಲೊಂದು ಗಿಡ್ಡ,
ಕುರ್ಚಿ ಮಗ್ಗುಲಿಗೆ ವಾಲಿತು.
ನೀರಿಗೆ ಬಾವಿಯ ತಂಪು.

ಚೀಟಿಯನ್ನು ಬೆಳಕಿಗೆ ಹಿಡಿದು ಅವಳು ಕೇಳಿದಳು:
'ಈ ಸಲ ಯಾಕೆ ಇಷ್ಟು ಜಾಸ್ತಿ?'