ಸಂಜೆ ಆರರಿಂದ ಎಂಟು

ಉಸಿರೆಳೆದು ಹಿಡಿಯುವುದು ನನ್ನ ಕೆಲಸ.
ಒಂದು ತುದಿ ಗಾಜು, ಒಂದು ತುದಿ ರಬ್ಬರು,
ನಡುವೆ ಸೊಳ್ಳೆಪರದೆಯ ಒಂದು ಚೂರು:
ಅವಕ್ಕೂ ನನ್ನ ಗಂಟಲಿಗೂ ಸರ್ಕಾರ ಹಾಕಿಕೊಟ್ಟ ಗಡಿ.
ವರ್ತೂರು ಕೆರೆಯ ಕೆಳಗೆ, ಪಿಳ್ಳಮ್ಮನ ಹಂದಿಗೂಡಿನಲ್ಲಿ
ಮಂಡಿಯೂರಿ, ಟಾರ್ಚನ್ನು ಕಂಕುಳಲ್ಲಿ ಅವುಚಿ,
ತಗಡಿಗಂಟಿ ಕೂತವಳನ್ನು ಒಬ್ಬೊಬ್ಬಳಾಗಿ
ಒಳಕ್ಕೆ ಕರೆದುಕೊಳ್ಳುತ್ತೇನೆ.

ಅವಳೇ. ಕಚ್ಚುವವಳು ಯಾವತ್ತೂ ಅವಳೇ.
ಮೊಟ್ಟೆಗೆ ರಕ್ತ ಬೇಕು, ಬಸುರಿಯ ಬಯಕೆ.
ಮರುದಿನ ಮಸೂರದಡಿ ಇಟ್ಟು ನೋಡಿದರೆ
ಸೊಂಡಿಲ ನಡುವೆ ಒಂದು ಬಿಳಿ ಬಳೆ,
ಯಾರು ತೊಡಿಸಿದರೋ.

ಬೆಳ್ಳಕ್ಕಿಗೆ ಜ್ವರವಿಲ್ಲ.
ನೊರೆಯ ಪಕ್ಕ ಒಂಟಿಕಾಲಲ್ಲಿ ನಿಂತು
ಒಳಗಿನದನ್ನು ಒಳಗೇ ಇಟ್ಟುಕೊಂಡಿರುತ್ತದೆ.
ಹಂದಿಗೂ ಇಲ್ಲ, ಇದ್ದರೂ ಹೇಳುವುದಿಲ್ಲ;
ಅದರ ಮೈಯಲ್ಲಿ ಒಂದು ಸಾವಿರವಾಗುತ್ತದೆ,
ಚೀಟಿ ನಡೆಸುವವರು ಆಸೆ ಹುಟ್ಟಿಸುವ ಹಾಗೆ.
"ಮನುಷ್ಯರಲ್ಲಿ?" ತರಬೇತಿಯಲ್ಲಿ ಕೇಳಿದ್ದೆ.
"ಅಲ್ಲಿಗೆ ಮುಗೀತು. ನಮ್ಮ ರಕ್ತದಲ್ಲಿ ಅದು ತೆಳು,
ಇನ್ನೊಂದು ಸೊಳ್ಳೆಗೆ ಸಾಲೋದಿಲ್ಲ."
ರಾತ್ರಿ ಕೊನೇ ಟ್ರಿಪ್ಪಿನ ಬಸ್ಸು:
ಎಲ್ಲರೂ ಇಳಿಯಬೇಕು,
ಲೈಟು ಆರಿಸಿ ಡ್ರೈವರು ಹೊರಟುಹೋಗುತ್ತಾನೆ.
ಅದಕ್ಕೆ ಬೇಡದ ಊರು ನಾವು.
ಮತ್ತೆ ಈ ಊರಿಗೇ ಯಾಕೆ ಬೆಂಕಿ ಎಂದು
ನೋಟ್ಸಿನಲ್ಲಿ ಇರಲಿಲ್ಲ.

ಹುಲಿಗೆಮ್ಮ ಬರುತ್ತಿದ್ದಳು ಶೆಡ್ಡುಗಳ ಕಡೆಯಿಂದ,
ಲಿಂಗಸುಗೂರಿನವಳು, ಆರು ವರ್ಷ.
ಹದಿನೇಳನೇ ಅಂತಸ್ತಿನಲ್ಲಿ ಅವಳಪ್ಪ ಸೆಂಟ್ರಿಂಗ್ ಕಟ್ಟುತ್ತಿದ್ದ.
"ಅಕ್ಕಾ, ಸೊಳ್ಳಿ ಕುಡಿತಿಯೇನ?"
"ಹೂಂ ಕಣೆ, ಬರೀ ಹೊಟ್ಟೇಲಿ."
ನಕ್ಕು ನಕ್ಕು ಹಂದಿಮರಿಗಳ ಮೇಲೆ ಬೀಳುತ್ತಿದ್ದಳು.

ಅಕ್ಟೋಬರಿನಲ್ಲಿ ಶೆಡ್ಡಿಗೆ ಬೀಗ.
ತಲೆನೋವು ಅಂದಳಂತೆ. ವಾಂತಿ. ಬೆಳಗಿನ ಜಾವ ಸೆಟೆದುಕೊಂಡಳಂತೆ.
ಆಸ್ಪತ್ರೆಯಲ್ಲಿ ಬೆನ್ನಿನಿಂದ ನೀರು ತೆಗೆದರಂತೆ.
ಆಮೇಲೆ ಬಂದವು ಲಾರಿ, ಬಲೆ, ಕೋಲು,
ಅಪಾರ್ಟ್‌ಮೆಂಟಿನ ಇನ್ನೂರು ಸಹಿಯ ಅರ್ಜಿ.
ಪಿಳ್ಳಮ್ಮ ಬಾಗಿಲಿಗೆ ಅಡ್ಡ ನಿಂತಳು:
"ಮೋರಿ ನೀರು ಕೆರೇಗೆ ಬಿಟ್ಟಿದ್ದು ನನ್ ಹಂದೀನಾ?
ನಿಮ್ಮೆಂಜಲು ತಿಂದೇ ಕಣ್ರಪ್ಪ ಇವು ಬೆಳ್ದಿದ್ದು."
ನಾನು ರಿಜಿಸ್ಟರಿನಲ್ಲಿ ಮುಖ ಹುದುಗಿಸಿದೆ.
ಅವರ ಕೈಯ ವರದಿಯಲ್ಲಿದ್ದದ್ದು ನನ್ನದೇ ಅಕ್ಷರ.

ಹುಲಿಗೆ ಜನವರಿಗೆ ಬಂದಳು.
ಎಡಗೈ ಮಡಚಿದ್ದು ಮಡಚಿಯೇ ಇದೆ.
ಮಾತು ನಡುದಾರಿಯಲ್ಲೆಲ್ಲೋ ಇಳಿದುಹೋಗಿದೆ.
ಖಾಲಿ ಗೂಡಿನ ಕಟ್ಟೆಗೆ ಅವರವ್ವ ತಂದು ಕೂರಿಸಿದಳು.
(ಹಂದಿಯಿಲ್ಲದ ಗೂಡಿನಲ್ಲೂ ಸೊಳ್ಳೆಗೇನು ಬರ?)
ಕೊಳವೆ ಬಾಯಿಗಿಟ್ಟು ಎಳೆಯುತ್ತಾ ಇದ್ದೆ,
ಬಲಗೈ ಚಾಚಿದಳು,
ರಬ್ಬರಿನ ತುದಿ ನನ್ನ ಬಾಯಿಂದ ಕಿತ್ತು
ತನ್ನ ಬಾಯಿಗಿಟ್ಟುಕೊಂಡು
ಊದಿದಳು.

ಹದಿನಾಲ್ಕು ಇದ್ದವು ಒಳಗೆ.

ಕತ್ತಲಲ್ಲಿ ಯಾವುದು ಯಾವ ಕಡೆ ಹೋಯಿತೋ.
ರಿಜಿಸ್ಟರಿನಲ್ಲಿ ಆ ಸಂಜೆಯ ಕಾಲಂ: ಸೊನ್ನೆ.
ಕೆಳಗೆ ನನ್ನ ಸಹಿ.